ವೆಚ್ಚ ಕಡಿಮೆಯಿದ್ದರೂ ಬ್ಯಾಂಕಿನ ಲಾಭ ಕುಸಿಯುವುದೇಕೆ?

ವೆಚ್ಚ-ಆದಾಯ ಅನುಪಾತ ಉತ್ತಮವಾಗಿರುವ ಬ್ಯಾಂಕಿನ ಲಾಭವೂ ಒಮ್ಮೆಲೇ ಕುಸಿಯುವುದೇಕೆ, ಹಾಗಾದರೆ ಆಡಳಿತ ದಕ್ಷತೆಗೆ ಅರ್ಥವೇನು ಎಂದು ತಾವು ಕೇಳಿದ್ದೀರಿ. ಆ ಅನುಪಾತವೊಂದನ್ನೇ ದಕ್ಷತೆಯೆಂದು ಎಣಿಸುವುದರಲ್ಲಿ ತೊಡಕಿದೆ ಎಂಬುದು ನನ್ನ ಅಭಿಪ್ರಾಯ. ಅದು ಸಿಬ್ಬಂದಿ, ಕಟ್ಟಡ, ತಂತ್ರಜ್ಞಾನದಂತಹ ನಿರ್ವಹಣಾ ವೆಚ್ಚವು ಆದಾಯದ ಎಷ್ಟು ಪಾಲು ಎಂಬುದನ್ನು ಅಳೆಯುತ್ತದೆ; ಕಡಿಮೆಯಿದ್ದಷ್ಟೂ ಉತ್ತಮ. ವಸೂಲಾಗದ ಸಾಲಕ್ಕಾಗಿ ತೆಗೆದಿರಿಸುವ ಮೊತ್ತ ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ.

ಸಾಲ ಕೊಡುವ ಮುನ್ನ ಅರ್ಜಿದಾರರ ವರಮಾನವನ್ನು ಪರಿಶೀಲಿಸುವ ಮತ್ತು ಕೊಟ್ಟ ಮೇಲೆ ನಿಗಾ ಇಡುವ ಸಿಬ್ಬಂದಿಯನ್ನು ಕಡಿತಗೊಳಿಸಿದರೆ ಈ ವರ್ಷದ ವೆಚ್ಚ ತಗ್ಗಿ ಬ್ಯಾಂಕು ದಕ್ಷವಾಗಿ ಕಾಣುತ್ತದೆ, ಆದರೆ ಅದರ ನಷ್ಟ ಕೆಲವು ವರ್ಷಗಳ ಬಳಿಕ ಸುಸ್ತಿ ಸಾಲದ ರೂಪದಲ್ಲಿ ಎದುರಾಗುತ್ತದೆ. 1997ರಲ್ಲಿ ಬರ್ಗರ್ ಮತ್ತು ಡಿಯಂಗ್ ಎಂಬ ಅರ್ಥಶಾಸ್ತ್ರಜ್ಞರು ಈ ಸಾಧ್ಯತೆಯನ್ನೂ, ವೆಚ್ಚವನ್ನು ಹಿಡಿತದಲ್ಲಿಡಲಾರದ ಆಡಳಿತವು ಸಾಲದ ಆಯ್ಕೆಯಲ್ಲೂ ಎಡವುತ್ತದೆ ಎಂಬ ಇನ್ನೊಂದು ಊಹೆಯನ್ನೂ ಪರೀಕ್ಷಿಸಿದ್ದರು. ಎರಡೂ ಸಂದರ್ಭಗಳಲ್ಲಿ ಅಪಾಯ ಮತ್ತು ದಕ್ಷತೆ ಪರಸ್ಪರ ಹೆಣೆದುಕೊಂಡಿವೆ, ಆದ್ದರಿಂದ ಅವುಗಳ ಪರಿಣಾಮವನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕುವುದು ದಾರಿ ತಪ್ಪಿಸುತ್ತದೆ.

ಪೆಟ್ಟು ಇಷ್ಟು ದೊಡ್ಡದಾಗಲು ಕಾರಣ ಲಾಭದ ಅಂಚು ತೆಳುವಾಗಿರುವುದು. ವರ್ಷಕ್ಕೆ ಒಟ್ಟು ಆಸ್ತಿಯ (ಕೊಟ್ಟ ಸಾಲವೂ ಬ್ಯಾಂಕಿನ ಆಸ್ತಿಯೇ) ಶೇ. 1ರಷ್ಟು ಲಾಭ ಗಳಿಸುವ ಬ್ಯಾಂಕಿನಲ್ಲಿ, ತೆರಿಗೆಯ ಲೆಕ್ಕವನ್ನು ಬದಿಗಿಟ್ಟರೆ, ಆಸ್ತಿಯ ಶೇ. 2ರಷ್ಟು ಸಾಲ ಪೂರ್ತಿ ಮುಳುಗಿದಾಗ ಎರಡು ವರ್ಷಗಳ ಲಾಭವೇ ಅಳಿಸಿಹೋಗುತ್ತದೆ.

ಅಪಾಯವೆಂದರೆ ಸುಸ್ತಿ ಸಾಲ ಮಾತ್ರವಲ್ಲ. 2023ರ ಮಾರ್ಚ್‌ನಲ್ಲಿ ಕುಸಿದ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿಗೆ ಮುಳುವಾದದ್ದು ಬಡ್ಡಿದರ ಏರಿದಾಗ ಬೆಲೆ ಕಳೆದುಕೊಂಡ ದೀರ್ಘಾವಧಿ ಬಾಂಡ್‌ಗಳು ಮತ್ತು ಠೇವಣಿದಾರರ ದಿಢೀರ್ ಹಿಂಪಡೆತ.

ತಾವು ಹೋಲಿಸುವಾಗ ಕನಿಷ್ಠ ಐದು ವರ್ಷಗಳ ಅಂಕಿಗಳನ್ನು ತೆಗೆದುಕೊಂಡು, ವೆಚ್ಚದ ಪಕ್ಕದಲ್ಲೇ ಸುಸ್ತಿ ಸಾಲದ ಪ್ರಮಾಣವನ್ನೂ ಅದಕ್ಕೆ ತೆಗೆದಿರಿಸಿದ ಮೊತ್ತವನ್ನೂ ಇಟ್ಟು ನೋಡಿ.