ಬೆಲಾರೂಸಿಯನ್ ಅಂದರೆ ಹಳ್ಳಿಯ ರಷ್ಯನ್ ಅಲ್ಲ

ಹಾಸನದ ಓದುಗರೊಬ್ಬರ ಪತ್ರ ಬಂದಿದೆ. ಅವರ ಮಗಳು ಬೆಲಾರೂಸ್ ದೇಶದ ಗ್ರೋದ್ನೊ ಊರಿನಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. "ಅಲ್ಲಿ ಎಲ್ಲರೂ ರಷ್ಯನ್ನೇ ಮಾತಾಡ್ತಾರಂತೆ. ಬೋರ್ಡುಗಳಲ್ಲಿ ಮಾತ್ರ ಬೆಲಾರೂಸಿಯನ್ ಅಂತ ಇನ್ನೊಂದು ಭಾಷೆ ಇದೆಯಂತೆ. ಧಾರವಾಡದ ಕನ್ನಡಕ್ಕೂ ಮೈಸೂರಿನ ಕನ್ನಡಕ್ಕೂ ಇರುವಷ್ಟೇ ವ್ಯತ್ಯಾಸ ಅಲ್ವಾ? ಬೇರೆ ಭಾಷೆ ಅನ್ನೋದೆಲ್ಲ ರಾಜಕೀಯ ಇರಬಹುದಾ? ಮಗಳು ಅದನ್ನೂ ಕಲಿಯಬೇಕಾ?" ಎಂದು ಕೇಳಿದ್ದಾರೆ.

ಮೊದಲ ಪ್ರಶ್ನೆಗೆ ನೇರ ಉತ್ತರ: ಅಲ್ಲ. ಧಾರವಾಡದವರೂ ಮೈಸೂರಿನವರೂ ಓದುವುದು ಒಂದೇ ಬರಹದ ಕನ್ನಡವನ್ನು. ಬೆಲಾರೂಸಿಯನ್‌ಗೆ ತನ್ನದೇ ವ್ಯಾಕರಣ ಇದೆ, ಕಾಗುಣಿತ ಇದೆ, ನಿಘಂಟು ಇದೆ, ಸಾಹಿತ್ಯ ಇದೆ. ರಷ್ಯನ್, ಉಕ್ರೇನಿಯನ್, ಬೆಲಾರೂಸಿಯನ್ ಮೂರೂ ಪೂರ್ವ ಸ್ಲಾವಿಕ್ ಗುಂಪಿನ ಭಾಷೆಗಳು. ಅಕ್ಕತಂಗಿಯರು ಅನ್ನಿ. ಒಂದರ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟಿದ್ದಲ್ಲ. ಪದಗಳನ್ನು ನೋಡಿದರೆ ಬೆಲಾರೂಸಿಯನ್‌ಗೆ ರಷ್ಯನ್‌ಗಿಂತ ಉಕ್ರೇನಿಯನ್ನೇ ಹತ್ತಿರ. ಪೋಲಿಷ್‌ನಿಂದ ಬಂದ ಪದಗಳೂ ಜಾಸ್ತಿ.

ರಾಜಧಾನಿ ಮಿನ್ಸ್ಕ್‌ನ ಮೆಟ್ರೊದಲ್ಲಿ ಕೂತರೆ ಇದು ಕಿವಿಗೇ ಗೊತ್ತಾಗುತ್ತದೆ. ಅಲ್ಲಿ ಘೋಷಣೆ ಬೆಲಾರೂಸಿಯನ್‌ನಲ್ಲಿ: "ಅಸ್ತ್ಸ್ಯರೋಜ್ನಾ, ದ್ಜ್ವೇರಿ ಜಚಿನ್ಯಾಯುತ್ಸಾ." ಜೋಪಾನ, ಬಾಗಿಲು ಮುಚ್ಚುತ್ತಿವೆ ಎಂದರ್ಥ. ಇದನ್ನೇ ಮಾಸ್ಕೊ ಮೆಟ್ರೊದಲ್ಲಿ "ಅಸ್ತರೋಜ್ನಾ, ದ್ವೇರಿ ಜಕ್ರಿವಾಯುತ್ಸಾ" ಅನ್ನುತ್ತಾರೆ. ಮೊದಲೆರಡು ಪದ ಒಂದೇ, ಉಚ್ಚಾರ ಬೇರೆ. ರಷ್ಯನ್‌ನ ಮೆದು 'ತ', 'ದ' ಬೆಲಾರೂಸಿಯನ್ ಬಾಯಲ್ಲಿ 'ತ್ಸ', 'ದ್ಜ' ಆಗುತ್ತವೆ. ಮೂರನೆಯದು ಬೇರೆ ಕ್ರಿಯಾಪದವೇ. ಆಮೇಲೆ ಬರುವ 'ಮುಂದಿನ' ಅನ್ನುವ ಪದವಂತೂ ಮಿನ್ಸ್ಕ್‌ನಲ್ಲಿ 'ನಸ್ತೂಪ್ನಯಾ', ಮಾಸ್ಕೊದಲ್ಲಿ 'ಸ್ಲೇದುಯುಷಯಾ'. ಎಲ್ಲಿಂದೆಲ್ಲಿಗೆ!

ಬರಹದಲ್ಲಿ ಇನ್ನೊಂದು ದೊಡ್ಡ ವ್ಯತ್ಯಾಸ ಇದೆ, ಅದು ನನಗೆ ತುಂಬ ಇಷ್ಟ. ಹಾಲಿಗೆ ಎರಡೂ ಭಾಷೆಯವರು ಹೆಚ್ಚುಕಮ್ಮಿ 'ಮಲಕೋ' ಅಂತಲೇ ಅನ್ನುತ್ತಾರೆ. ಆದರೆ ರಷ್ಯನ್ನರು ಬರೆಯುವುದು 'ಮೊಲೊಕೊ'. ಬೆಲಾರೂಸಿನವರು ಹೇಳಿದ ಹಾಗೇ 'ಮಲಕೊ' ಅಂತ ಬರೆಯುತ್ತಾರೆ. ನುಡಿದಂತೆ ಬರೆದು ರೂಢಿಯಾದ ನಮಗೆ ಇದೇ ಸಹಜ ಅನ್ನಿಸುತ್ತದೆ. ನಿಮ್ಮ ಮಗಳಿರುವ ಊರೂ ಹಾಗೆಯೇ. ರಷ್ಯನ್‌ನಲ್ಲಿ ಬರೆದರೆ 'ಗ್ರೋದ್ನೊ', ಬೆಲಾರೂಸಿಯನ್‌ನಲ್ಲಿ 'ಹ್ರೋದ್ನಾ'. ಅವರ 'ಗ' ಗಂಟಲಿನಿಂದ ಬರುವ ಗಟ್ಟಿ 'ಹ'ದ ಹಾಗೆ ಕೇಳುತ್ತದೆ.

ಡಾಕ್ಟರಾಗುವ ಹುಡುಗಿಗೆ ಒಂದು ಪದ ಮಾತ್ರ ಮರೆಯದೆ ಹೇಳಿ. ರಷ್ಯನ್‌ನಲ್ಲಿ 'ನೆದೇಲ್ಯಾ' ಅಂದರೆ ವಾರ, ಅಂದರೆ ಏಳು ದಿನ. ಬೆಲಾರೂಸಿಯನ್‌ನಲ್ಲಿ 'ನ್ಯದ್ಜೇಲ್ಯಾ' ಅಂದರೆ ಭಾನುವಾರ! ಏಳು ದಿನಕ್ಕೆ ಅಲ್ಲಿ 'ತಿದ್ಜೆನ್' ಅನ್ನುತ್ತಾರೆ. ಇದೇ ಥರ, 'ದಿವಾನ್' ರಷ್ಯನ್ನರಿಗೆ ಸೋಫಾ, ಬೆಲಾರೂಸಿನವರಿಗೆ ನೆಲಹಾಸು.

ತಿಂಗಳ ಹೆಸರುಗಳನ್ನೂ ನೋಡಿ. ರಷ್ಯನ್ನರು ಲ್ಯಾಟಿನ್‌ನಿಂದ ಬಂದ ಹೆಸರುಗಳನ್ನೇ ಇಟ್ಟುಕೊಂಡರು. ಬೆಲಾರೂಸಿನವರ ತಿಂಗಳುಗಳು ಹೊಲ, ಕಾಡಿನಿಂದ ಬಂದವು. ಆಗಸ್ಟ್ 'ಜ್ನೀವೆನ್', ಕೊಯ್ಲಿನ ಕಾಲ. ನವೆಂಬರ್ 'ಲಿಸ್ತಪಾದ್', ಎಲೆ ಉದುರುವ ಕಾಲ. ಅಕ್ಟೋಬರಿಗೆ 'ಕಸ್ತ್ರಿಚ್ನಿಕ್' ಅನ್ನುತ್ತಾರೆ. ಅಗಸೆ ಗಿಡದಿಂದ ನಾರು ತೆಗೆಯುವಾಗ ಉದುರುವ ಹೊಟ್ಟಿನಿಂದ ಬಂದ ಹೆಸರದು.

ಇನ್ನು ನಿಮ್ಮ ರಾಜಕೀಯದ ಪ್ರಶ್ನೆ. ರಾಜಕೀಯ ಖಂಡಿತ ಇದೆ. ಆದರೆ ಅದು ನೀವು ಅಂದುಕೊಂಡ ಕಡೆ ಇಲ್ಲ. ಇದು ಬೇರೆ ಭಾಷೆಯೇ ಅಲ್ಲ ಅನ್ನುವ ಮಾತಿನಲ್ಲೇ ರಾಜಕೀಯ ಇರುವುದು.

ಇಂದಿನ ಬೆಲಾರೂಸ್ ನೆಲವೂ ಸೇರಿದ್ದ ಹಳೆಯ ಲಿಥುವೇನಿಯಾ ಮಹಾಸಂಸ್ಥಾನದ ಆಡಳಿತ ಬಹುಕಾಲ ನಡೆದದ್ದು ಇಂದಿನ ಬೆಲಾರೂಸಿಯನ್, ಉಕ್ರೇನಿಯನ್ ಎರಡಕ್ಕೂ ಪೂರ್ವಜವಾದ ಭಾಷೆಯಲ್ಲಿ. 1529, 1566, 1588ರ ಕಾನೂನು ಸಂಹಿತೆಗಳು ಅದರಲ್ಲೇ ಇವೆ. ಪೋಲತ್ಸ್ಕ್ ಊರಿನ ಫ್ರಾಂತ್ಸಿಸ್ಕ್ ಸ್ಕರೀನಾ 1517ರಲ್ಲೇ ಪ್ರಾಗ್‌ನಲ್ಲಿ ಬೈಬಲ್ ಭಾಗಗಳನ್ನು ಅಚ್ಚು ಹಾಕಿಸಲು ಶುರು ಮಾಡಿದ್ದ. 1696ರಲ್ಲಿ ಕಚೇರಿಗಳಿಗೆ ಪೋಲಿಷ್ ಬಂತು. ಮುಂದೆ ಈ ನೆಲ ರಷ್ಯಾ ಸಾಮ್ರಾಜ್ಯಕ್ಕೆ ಸೇರಿತು. 1897ರ ಜನಗಣತಿಯಲ್ಲಿ ಬೆಲಾರೂಸಿಯನ್ನನ್ನು ರಷ್ಯನ್‌ನ ಒಳಗೇ ಒಂದು ಬಗೆ ಅಂತ ಲೆಕ್ಕ ಹಾಕಿದರು. ಭಾಷೆ ಮಾತ್ರ ಸುಮ್ನೆ ಕೂರಲಿಲ್ಲ. 1906ರಲ್ಲಿ 'ನಾಶಾ ನೀವಾ' ಪತ್ರಿಕೆ ಬಂತು. 1918ರಲ್ಲಿ ಬ್ರನಿಸ್ಲಾವ್ ತರಷ್ಕೇವಿಚ್ ವ್ಯಾಕರಣ ಬರೆದ.

1920ರ ದಶಕದಲ್ಲಿ ಸೋವಿಯತ್ ಸರ್ಕಾರವೇ ಶಾಲೆ, ಕಚೇರಿಗಳಲ್ಲಿ ಬೆಲಾರೂಸಿಯನ್ ಬೆಳೆಸಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. 1933ರಲ್ಲಿ ಕಾಗುಣಿತ ತಿದ್ದಿ ರಷ್ಯನ್‌ಗೆ ಹತ್ತಿರ ಮಾಡಿದರು. 1937ರ ಅಕ್ಟೋಬರ್ 29ರ ರಾತ್ರಿ ಮಿನ್ಸ್ಕ್‌ನಲ್ಲಿ ನೂರಕ್ಕೂ ಹೆಚ್ಚು ಕವಿ, ಲೇಖಕ, ವಿದ್ವಾಂಸರನ್ನು ಗುಂಡಿಟ್ಟು ಕೊಂದರು. ಒಂದು ಭಾಷೆ ಬೀದಿಯಲ್ಲಿ ಕೇಳಿಸುತ್ತಿಲ್ಲ ಅಂದಾಗ, ಅದನ್ನು ಬರೆಯುತ್ತಿದ್ದವರಿಗೆ ಏನಾಯಿತು ಅಂತ ಮೊದಲು ಕೇಳಬೇಕು.

1990ರಲ್ಲಿ ಬೆಲಾರೂಸಿಯನ್ ಒಂದೇ ರಾಜ್ಯಭಾಷೆ ಎಂಬ ಕಾನೂನು ಬಂತು. 1995ರ ಜನಮತಗಣನೆಯ ನಂತರ ರಷ್ಯನ್‌ಗೂ ಸಮಾನ ಸ್ಥಾನ ಸಿಕ್ಕಿತು. ಕಾಗದದ ಮೇಲೆ ಸಮಾನ, ಕಚೇರಿಯಲ್ಲಿ ರಷ್ಯನ್ನೇ ಮುಂದು. 2009ರ ಜನಗಣತಿಯಲ್ಲಿ ನೂರಕ್ಕೆ 53 ಜನ ಬೆಲಾರೂಸಿಯನ್ ನಮ್ಮ ತಾಯಿನುಡಿ ಅಂದರು. ಮನೆಯಲ್ಲಿ ಅದನ್ನೇ ಆಡುತ್ತೇವೆ ಅಂದವರು 23 ಮಾತ್ರ. ಆಡದಿದ್ದರೂ ನಮ್ಮದು ಅನ್ನುತ್ತಾರಲ್ಲ, ಆ 30 ಜನರ ಮನಸ್ಸು ನನಗೆ ಮುಖ್ಯ ಅನ್ನಿಸುತ್ತದೆ. ಎರಡನ್ನೂ ಕಲಸಿ ಆಡುವ ಮಾತೂ ಇದೆ, ಅದಕ್ಕೆ 'ತ್ರಸ್ಯಾಂಕಾ' ಅನ್ನುತ್ತಾರೆ. ದನಕ್ಕೆ ಹಾಕುವ, ಒಣಹುಲ್ಲು ಬೆರೆಸಿದ ಮೇವಿನ ಹೆಸರದು. ನಿಮ್ಮ ಮಗಳು ಹಳ್ಳಿ ಕಡೆಯ ರೋಗಿಗಳ ಬಾಯಲ್ಲಿ ಇದನ್ನು ಕೇಳಬಹುದು. ನಗಬಾರದು ಅಂತ ಹೇಳಿ.

ಕೊನೆಯ ಪ್ರಶ್ನೆ, ಕಲಿಯಬೇಕಾ? ಮೊದಲು ರಷ್ಯನ್ ಚೆನ್ನಾಗಿ ಕಲಿಯಲಿ. ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ಅದಿಲ್ಲದೆ ನಡೆಯದು. ಜೊತೆಗೆ ಬೆಲಾರೂಸಿಯನ್ ಓದಲು ಬಂದರೆ ಒಳ್ಳೆಯದು. ಅದೇನೂ ಕಷ್ಟ ಇಲ್ಲ. ರಷ್ಯನ್ ಅಕ್ಷರ ಗೊತ್ತಿದ್ದವರಿಗೆ ಹೊಸದು ಎರಡೇ. ಒಂದು 'ಇ'. ಇನ್ನೊಂದು, ಮೇಲೆ ಪುಟ್ಟ ಬಟ್ಟಲಿನಂಥ ಗುರುತಿರುವ ಗಿಡ್ಡ 'ಉ', ನಮ್ಮ 'ವ್' ಹತ್ತಿರದ ಸದ್ದು. ರಷ್ಯನ್‌ನ ತೋಳ 'ವೋಲ್ಕ್' ಈ ಅಕ್ಷರದಿಂದ 'ವೋವ್ಕ್' ಆಗುತ್ತದೆ. 'ದ್ಜ್ಯಾಕುಯ್' ಅಂದರೆ ಥ್ಯಾಂಕ್ಸ್, 'ಕಲಿ ಲಾಸ್ಕಾ' ಅಂದರೆ ದಯವಿಟ್ಟು. ಶುರುವಿಗೆ ಇಷ್ಟು ಸಾಕು.

ರಜೆ ಸಿಕ್ಕಾಗ ಪೋಲತ್ಸ್ಕ್‌ಗೆ ಒಮ್ಮೆ ಹೋಗಿ ಬರಲಿ. ಸ್ಕರೀನಾನ ಊರು, ಪುಸ್ತಕ ಮುದ್ರಣದ ಮ್ಯೂಸಿಯಂ ಅಲ್ಲಿದೆ. ಆ ಗಿಡ್ಡ 'ಉ' ಅಕ್ಷರಕ್ಕೆ 2003ರಲ್ಲಿ ನಿಲ್ಲಿಸಿದ ಸ್ಮಾರಕವೂ ಅಲ್ಲೇ ಇದೆ. ಫೋಟೊ ತೆಗೆದು ನಾಲ್ಕು ಸಾಲು ಬರೆದು ಕಳಿಸಿದರೆ ನಾವು ಖುಷಿಯಿಂದ ಪ್ರಕಟಿಸುತ್ತೇವೆ.

– ಸಂ.