ಉಡುಪಿಯ ನಮ್ಮ ಹೆಂಚಿನ ಮನೆಯಲ್ಲಿ ಹ್ಯಾಮ್‌ಸ್ಟರ್ (ಇಲಿಯಂಥ ಪುಟ್ಟ ಸಾಕುಪ್ರಾಣಿ) ಗೂಡಿನಿಂದ ತಪ್ಪಿಸಿಕೊಂಡಿದೆ. ಹುಡುಕುವುದು ಹೇಗೆ?

ಇಲಿಪಾಷಾಣ, ಇಲಿ ಹಿಡಿಯುವ ಅಂಟಿನ ಹಲಗೆ ಏನಾದರೂ ಇಟ್ಟಿದ್ದರೆ ಮೊದಲು ಅದನ್ನು ತೆಗೆಯಿರಿ. ನಮ್ಮ ಕಡೆಯ ಮನೆಗಳಲ್ಲಿ ಮಳೆಗಾಲಕ್ಕೆಂದು ಇಟ್ಟದ್ದು ಮೂಲೆಯಲ್ಲಿ ಮರೆತೇ ಹೋಗಿರುತ್ತದೆ. ಆ ಪುಟ್ಟ ಜೀವಕ್ಕೆ ಅದಕ್ಕಿಂತ ದೊಡ್ಡ ಅಪಾಯವಿಲ್ಲ. ಬಚ್ಚಲಿನ ನೀರು ಹೋಗುವ ತೂತನ್ನು ಮುಚ್ಚಿ, ಬೆಕ್ಕನ್ನು ಹೊರಗಿಡಿ.

ಹಗಲಿನಲ್ಲಿ ಅದು ಕತ್ತಲ ಸಂದಿಯಲ್ಲಿ ಮಲಗಿರುತ್ತದೆ. ಫ್ರಿಜ್ಜಿನ ಹಿಂದೆ, ಕಪಾಟಿನ ಅಡಿ, ಕುಚ್ಚಲಕ್ಕಿ ಚೀಲದ ಬದಿ, ಸೌದೆ ರಾಶಿಯಲ್ಲಿ ಟಾರ್ಚ್ ಹಿಡಿದು ನೋಡಿ. ಸೋಫಾ ಎಳೆಯಬೇಡಿ, ಅಡಿಯಲ್ಲಿದ್ದರೆ ಜಜ್ಜಿಹೋದೀತು.

ಸಿಗದಿದ್ದರೆ ರಾತ್ರಿಯವರೆಗೆ ಕಾಯಿರಿ, ಅದು ಓಡಾಡುವ ಹೊತ್ತು ಅದೇ. ಪ್ರತಿ ಕೋಣೆಯಲ್ಲಿ ಎಣಿಸಿ ಕೆಲವು ಸೂರ್ಯಕಾಂತಿ ಬೀಜ ಇಟ್ಟು, ಗೋಡೆಯಂಚಿಗೆ ಅಕ್ಕಿಹಿಟ್ಟು ಉದುರಿಸಿ ಬಾಗಿಲು ಹಾಕಿ. ಹ್ಯಾಮ್‌ಸ್ಟರ್ ಗೋಡೆಯ ಬುಡ ಹಿಡಿದೇ ಸಾಗುವುದರಿಂದ ಹಿಟ್ಟಿನಲ್ಲಿ ಹೆಜ್ಜೆ ಮೂಡುತ್ತದೆ. ಹಣ್ಣು, ಬೆಲ್ಲ ಬೇಡ, ಇರುವೆ ಮುತ್ತುತ್ತವೆ. ಕೋಣೆ ಗೊತ್ತಾದ ಮೇಲೆ ಅಲ್ಲಿ ಒಂದಡಿ ಎತ್ತರದ ನುಣುಪು ಬಕೆಟ್ ಇಡಿ. ತಳಕ್ಕೆ ದಪ್ಪ ಬಟ್ಟೆ, ಅದರ ಗೂಡಿನದೇ ಹಾಸು, ಬೀಜ ಹಾಕಿ, ಹೊರಗೆ ಪುಸ್ತಕಗಳನ್ನು ಮೆಟ್ಟಿಲಿನಂತೆ ಪೇರಿಸಿ. ಒಳಗಿಳಿದರೆ ಮತ್ತೆ ಹತ್ತಲಾರದು.

ಸಿಕ್ಕ ಕೂಡಲೇ ನೀರು ಕೊಡಿ, ಗೂಡಿನ ಚಿಲಕ ಎಲ್ಲಿ ಸಡಿಲವಾಗಿದೆ ಎಂದು ಅದನ್ನು ಒಳಗೆ ಬಿಡುವ ಮೊದಲೇ ನೋಡಿ.