ಫೋನಿನೊಳಗೇ ಓಡುವ ಎಐ ಸ್ಟೋರೇಜ್‌ನ ಆಯಸ್ಸು ತಿನ್ನುತ್ತಾ?

ಸುಮ್ನೆ ಹೆದರಬೇಡಿ, ಅಷ್ಟೇನೂ ತಿನ್ನಲ್ಲ. ಮಳೆಗಾಲದಲ್ಲಿ ಕರೆಂಟೂ ಟವರೂ ಒಟ್ಟಿಗೆ ಹೋಗುವ ನಮ್ಮ ಸೋಮವಾರಪೇಟೆ ಕಡೆ, ನೆಟ್ ಇಲ್ಲದೆ ಅನುವಾದ ಮಾಡುವ ಫೋನು ಉಪಕಾರವೇ ಅಲ್ವಾ?

ಫೋನಿನ ಸ್ಟೋರೇಜ್, ಅಂದ್ರೆ ಫ್ಲ್ಯಾಶ್ ಮೆಮೊರಿ, ಸವೆಯುವುದು ಮುಖ್ಯವಾಗಿ ಬರೆದು ಅಳಿಸುವಾಗ, ಓದುವಾಗ ಅಲ್ಲ. ಎಐ ಮಾಡೆಲ್, ಅಂದ್ರೆ ಎಐ ಓಡಲು ಬೇಕಾದ ಫೈಲು, ಕೆಲವು ಜಿಬಿ ಇರಬಹುದು. ಆದರೆ ಅದನ್ನು ಬರೆಯುವುದು ಡೌನ್‌ಲೋಡ್ ಆದಾಗ, ಅಪ್‌ಡೇಟ್ ಬಂದಾಗ ಮಾತ್ರ. ಆಮೇಲೆ ಬರೀ ಓದುವ ಕೆಲಸ.

ಲೆಕ್ಕ ಹಾಕಿ. 128 ಜಿಬಿ ಫೋನಿನ ಒಂದೊಂದು ಸೆಲ್ (ಡೇಟಾ ಕೂರುವ ಪುಟ್ಟ ಕೋಣೆ) 1,000 ಸಲ ಬರೆದು ಅಳಿಸಿದರೂ ತಾಳುತ್ತದೆ ಅಂತಿಟ್ಟುಕೊಂಡರೆ, ಒಟ್ಟು 1,28,000 ಜಿಬಿ ಬರೆಯಬಹುದು. ದಿನಕ್ಕೆ 20 ಜಿಬಿ ಬರೆದರೂ 17 ವರ್ಷ. ಸ್ಟೋರೇಜ್ ಚಿಪ್ ಒಳಗೊಳಗೇ ಮಾಡುವ ಬರವಣಿಗೆ ಸೇರಿ ಇದು ಅರ್ಧವಾಗಲಿ, ಬ್ಯಾಟರಿ ಅದಕ್ಕಿಂತ ಮೊದಲೇ ಕೈಕೊಟ್ಟಿರುತ್ತದೆ.

ನಿಜವಾದ ತೊಂದರೆ ಫೋನು ತುಂಬಿರುವುದು. ನನ್ನದರಲ್ಲಿ ಕಾಫಿ ಹೂವಿನ ವಿಡಿಯೋಗಳೇ ತುಂಬಿ, ಖಾಲಿ ಇದ್ದದ್ದು 3 ಜಿಬಿ. ಆಗ ಚಿಪ್ ಹಳೇ ಡೇಟಾವನ್ನು ಅಲ್ಲಿಂದಿಲ್ಲಿಗೆ ಸರಿಸುತ್ತಲೇ ಇರಬೇಕು, ಸಣ್ಣ ಕಣದಲ್ಲಿ ಜಾಸ್ತಿ ಕಾಫಿ ಹರವಿದವರ ಪಾಡು. ಸ್ಟೋರೇಜನ್ನೇ ರ್‍ಯಾಮ್‌ನಂತೆ ಬಳಸುವ ಸೆಟ್ಟಿಂಗ್ ಇದ್ದರೆ, ಅದನ್ನು ಆಫ್ ಮಾಡಿ. ಅದೂ ಬರೆಯುವ ಕೆಲಸ ಹೆಚ್ಚಿಸುತ್ತದೆ.